ಅಡ್ಡಮಳೆಯ ದಿನಗಳಲ್ಲಿ ಗುಡ್ಡ ಏರುವವರಿಗೆ

ಯುಗಾದಿ ಹತ್ತಿರ ಬಂತು. ಸುಗ್ಗಿ ಮುಗಿದು ಹೊಲಗಳು ಬರಿದಾಗಿವೆ. ದನ-ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋಗುವವರು, ಕಟ್ಟಿಗೆಗೆ ಹೋಗುವವರು, ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಮಾಲತೇಶನ ದರ್ಶನಕ್ಕೆಂದು ನಡೆಯುವವರು ಈ ದಿನಗಳಲ್ಲಿ ಬಹಳ. ಅವರಿಗಾಗಿ ಹವೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

"ಬ್ಯಾಸಗಿಯೊಳಗ ಎಂಥಾ ಹವಾ? ಬರೇ ಬಿಸಿಲು!" ಎಂದು ನೀವು ಅನ್ನಬಹುದು. ಬಿಸಿಲು ಸರಿ. ಆದರೆ ಅದೇ ಬಿಸಿಲು ಮಧ್ಯಾಹ್ನದ ಮೇಲೆ ಸಿಡಿಲನ್ನು ಕರೆದು ತರುತ್ತದೆ. ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಅರಬ್ಬೀ ಸಮುದ್ರದ ಕಡೆಯಿಂದ ಬಂದ ತೇವ ಅದರ ಜೊತೆ ಏರಿ, ಎತ್ತರದಲ್ಲಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಬೆಳಿಗ್ಗೆ ನಿರ್ಮಲವಾಗಿದ್ದ ಆಕಾಶ ಮೂರು ಗಂಟೆಯ ಹೊತ್ತಿಗೆ ಕಪ್ಪಾಗುವುದು ಹೀಗೆ.

ರೇವತಿ ಮಳೆ ಮಾರ್ಚ್ 31ರ ಸುಮಾರಿಗೆ, ಅಶ್ವಿನಿ ಏಪ್ರಿಲ್ 13-14ಕ್ಕೆ, ಭರಣಿ 27ಕ್ಕೆ, ಕೃತ್ತಿಕೆ ಮೇ 11ಕ್ಕೆ ಆರಂಭವಾಗುತ್ತವೆ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಅಂದದ್ದು ಸುಳ್ಳಲ್ಲ, ಆ ಮಳೆಗೆ ನೆಲ ಹದವಾಗುತ್ತದೆ. ಆದರೆ ಈ ಅಡ್ಡಮಳೆಗಳಿಗೆ ಗಾಳಿ, ಆಲಿಕಲ್ಲು, ಸಿಡಿಲುಗಳ ಜೊತೆ ಹೆಚ್ಚು.

ಆದ್ದರಿಂದ ಗುಡ್ಡದ ಕೆಲಸವನ್ನು ನಸುಕಿನಲ್ಲೇ ಹಿಡಿಯಿರಿ, ಮಧ್ಯಾಹ್ನದೊಳಗೆ ಇಳಿಯಿರಿ. ಗುಡ್ಡದ ಮೇಲೆ ಗಾಳಿ ಆಡುವುದರಿಂದ ತಂಪು ಅನಿಸುತ್ತದೆ. ನೂರು ಮೀಟರು ಏರಿದರೆ ಕಡಿಮೆಯಾಗುವ ಸೆಕೆ ಸುಮಾರು ಅರ್ಧ ಡಿಗ್ರಿ ಮಾತ್ರ. ಬೆವರು ಗಾಳಿಗೆ ಆರಿ ಹೋಗುವುದರಿಂದ ಮೈಯ ನೀರು ಇಳಿದದ್ದೇ ತಿಳಿಯುವುದಿಲ್ಲ. ಬುತ್ತಿಯ ಜೊತೆ ನೀರು, ಉಪ್ಪು ಹಾಕಿದ ಮಜ್ಜಿಗೆ ಇರಲಿ.

ಮಿಂಚು ಕಂಡರೆ ಎಣಿಸಿರಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರ. ಮೂವತ್ತಕ್ಕಿಂತ ಕಡಿಮೆ ಎಣಿಕೆ ಬಂದರೆ ಕೂಡಲೇ ಆಸರೆ ಹುಡುಕಬೇಕು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ತಾಸು ಹೊರಬೀಳಬಾರದು.

ಆಸರೆ ಎಂದರೆ ಯಾವುದು? ಒಂಟಿ ಮರ ಅಲ್ಲ. ಬಹಳ ಜನ ಜೀವ ಕಳೆದುಕೊಳ್ಳುವುದು ಅದರ ಕೆಳಗೇ. ಗುಡ್ಡದ ನೆತ್ತಿ, ತಂತಿ ಬೇಲಿ, ಕೆರೆಯ ದಂಡೆ, ನಾಲ್ಕು ಕಂಬದ ಚಪ್ಪರ ಇವೂ ಅಲ್ಲ. ಗೋಡೆಗಳಿರುವ ಗಟ್ಟಿ ಮನೆ, ಇಲ್ಲವೇ ಗಾಜು ಏರಿಸಿದ ಮುಚ್ಚಿದ ಮೋಟಾರು ಒಳ್ಳೆಯದು. ಏನೂ ಸಿಗದಿದ್ದರೆ ನೆತ್ತಿಯಿಂದ ಇಳಿದು, ಒಬ್ಬರಿಂದೊಬ್ಬರು ದೂರ ಸರಿದು, ಎರಡೂ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂಡಿರಿ. ಮಲಗಬೇಡಿರಿ. ಹಳ್ಳದೊಳಗೆ ಇಳಿಯಬೇಡಿರಿ, ಮೇಲೆ ಬಿದ್ದ ಮಳೆ ಅಲ್ಲಿಗೇ ಹರಿದು ಬರುತ್ತದೆ. ದನಗಳನ್ನು ಮರಕ್ಕೆ ಕಟ್ಟಿ ಬರಬೇಡಿರಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಉಸಿರು ನಿಂತಿದ್ದರೆ ಎದೆಯ ನಡುವೆ ಬಲವಾಗಿ, ಬಿಡದೆ ಒತ್ತುತ್ತ 108ಕ್ಕೆ ಕರೆ ಮಾಡಿಸಿರಿ. ತಡಮಾಡದಿದ್ದರೆ ಎಷ್ಟೋ ಜನ ಉಳಿಯುತ್ತಾರೆ.

ಬ್ಯಾಡಗಿ ಕಡೆಯವರಿಗೆ ಇನ್ನೊಂದು ಮಾತು. ಕಣದಲ್ಲಿ ಮೆಣಸಿನಕಾಯಿ ಹರವಿದ್ದರೆ ತಾಡಪತ್ರಿಯನ್ನು ಬೆಳಿಗ್ಗೆಯೇ ಪಕ್ಕದಲ್ಲಿಟ್ಟುಕೊಳ್ಳಿರಿ. ನೆನೆದ ಕಾಯಿ ಬಣ್ಣಗೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಆದರೆ ಸಿಡಿಲು ನೆತ್ತಿಯ ಮೇಲಿದ್ದಾಗ ಮುಚ್ಚಲು ಓಡಬೇಡಿರಿ. ಕಾಯಿ ಮತ್ತೆ ಬೆಳೆದೀತು.

ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಎಂಬ ಆ್ಯಪ್ ಮೊಬೈಲಿನಲ್ಲೇ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮನೆಯ ಹುಡುಗರಿಂದ ಹಾಕಿಸಿಕೊಳ್ಳಿರಿ. ಹೆಚ್ಚಿನ ವಿಷಯವನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ದನ ಕಾಯುವ ಹುಡುಗರಿಗೆ ಈ ಮಾತುಗಳನ್ನು ಇಂದು ರಾತ್ರಿ ಊಟದ ಹೊತ್ತಿಗೇ ಹೇಳಿರಿ.