ಮುತ್ತತ್ತಿಯ ಹಾದಿ



ಮದ್ದೂರಿನಲ್ಲಿ ರೈಲಿಳಿದು, ಬುತ್ತಿಗೆಂದು ವಡೆಗಳನ್ನು ಕಟ್ಟಿಸಿಕೊಂಡೆವು. ಮದ್ದೂರು ವಡೆ ಎರಡು ದಿನವಿಟ್ಟರೂ ಕೆಡದಷ್ಟೆ. ಮಳವಳ್ಳಿಯ ಮಾರ್ಗವಾಗಿ ಹಲಗೂರನ್ನು ಸೇರಿ, ಅಲ್ಲಿಂದ ಮುತ್ತತ್ತಿಗೆ ಕಾಲ್ನಡೆ. ಮನೆಯವರು, ಮಿತ್ರರು, ಮಕ್ಕಳು ಕೂಡಿ ಒಂಬತ್ತು ಮಂದಿ, ಬೆನ್ನಿಗೊಂದೊಂದು ಗಂಟು. ಇದು 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಿತವಾದ ಕಾಡು. ಅನುಮತಿ ಪಡೆದು, ಅರಣ್ಯದ ಕಾವಲುಗಾರನೊಬ್ಬನನ್ನು ಮುಂದಿಟ್ಟುಕೊಂಡೇ ನಡೆದೆವು. ಹಾದಿಯಲ್ಲಿ ಆನೆಯ ಹಸಿ ಲದ್ದಿಯನ್ನು ಕಂಡೊಡನೆ ನಮ್ಮ ಮಾತು ತಾನಾಗಿಯೇ ತಗ್ಗಿತು.

ಆದರೆ ಅಪಾಯವು ಕಾದಿದ್ದುದು ಕಾಡಿನಲ್ಲಲ್ಲ. ಸೀತಾದೇವಿಯ ಮೂಗುತಿಯ ಮುತ್ತು ಇಲ್ಲಿಯ ಹೊಳೆಗೆ ಬೀಳಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ತೆಗೆದುಕೊಟ್ಟನೆಂಬುದು ಐತಿಹ್ಯ. ಹೊಳೆಮತ್ತಿಯ ನೆರಳಿನಲ್ಲಿ ಕಾವೇರಿಯು ಕೊಳದಂತೆ ಶಾಂತಳಾಗಿದ್ದಳು. ನಮ್ಮ ಹಿರಿಯ ಹುಡುಗನು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಂತೆಯೇ ಕಾಲಡಿಯ ಮರಳು ಜಾರಿತು. ಕ್ಷಣಮಾತ್ರದಲ್ಲಿ ನೀರು ಎದೆಗೇರಿತು. ಕಾವಲುಗಾರನು ಚಾಚಿದ ಕೋಲೇ ಅವನನ್ನು ದಡಕ್ಕೆ ತಂದಿತು. ಬಂಡೆಗಳ ಸಂದಿನ ಸುಳಿಗಳು ಈಜು ಬಲ್ಲವರನ್ನೂ ಎಳೆಯುವುವೆಂದು ಆತನು ಆಮೇಲೆ ಹೇಳಿದನು. ಆನೆಯ ವಿಷಯವಾಗಿ ಆತನನ್ನು ನೂರು ಪ್ರಶ್ನೆ ಕೇಳಿದ್ದ ನಾವು, ಹೊಳೆಯ ವಿಷಯವಾಗಿ ಒಂದನ್ನೂ ಕೇಳಿರಲಿಲ್ಲ.

ಹಲಗೂರಿಗೆ ಹಿಂದಿರುಗುವವರೆಗೂ ತಾಯಿಯು ಆ ಹುಡುಗನ ಕೈಬಿಡಲಿಲ್ಲ.