ಕೃತಿಕಾರನ ಬಾಳು ಮತ್ತು ಓದು
(ಮಲ್ಲಂದೂರಿನ ಸಭೆಯಲ್ಲಿ ಮಾಡಿದ ಭಾಷಣ)



ಬರೆಯುವವನಿಗೆ ಓದು ಮುಖ್ಯವೋ, ಬಾಳು ಮುಖ್ಯವೋ ಎಂಬ ಪ್ರಶ್ನೆಯು ಬಹು ಹಳೆಯದು. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂಬ ಮೂರನ್ನು ಲಾಕ್ಷಣಿಕರು ಕಾವ್ಯಕ್ಕೆ ಕಾರಣವೆಂದರು. ವ್ಯುತ್ಪತ್ತಿಯೆಂದರೆ ಬರಿಯ ಗ್ರಂಥಜ್ಞಾನವಲ್ಲ. ಲೋಕದ ಅರಿವೂ ಅದರಲ್ಲಿ ಅಡಗಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಇದು ಪ್ರತ್ಯಕ್ಷವಾಗಿದೆ. ಅಂಬಿಗರ ಚೌಡಯ್ಯನವರ ವಚನಗಳಲ್ಲಿ ದೋಣಿಯೂ ಹೊಳೆಯೂ ಬಂದುವಾದರೆ, ಅವು ಅಲಂಕಾರಕ್ಕಾಗಿ ಹುಡುಕಿ ತಂದವುಗಳಲ್ಲ. ಕಾಯಕವೇ ನುಡಿಯನ್ನು ಹೊಕ್ಕಿತು.

ಈ ಮಾತಿಗೆ ಇನ್ನೊಂದು ನಿದರ್ಶನವು ನಮ್ಮ ಕಾಫಿಯ ಮಲೆಗಳಲ್ಲಿಯೇ ಉಂಟು. ಶ್ರೀ ಪೂರ್ಣಚಂದ್ರ ತೇಜಸ್ವಿಯವರು 1938ರಲ್ಲಿ ಜನಿಸಿದರು. ಮಹಾಕವಿ ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರು. ಅಧ್ಯಾಪಕ ವೃತ್ತಿಯ ಹಾದಿ ತೆರೆದಿದ್ದರೂ ಅದನ್ನು ಹಿಡಿಯದೆ ಮೂಡಿಗೆರೆಯ ಕಡೆಗೆ ಬಂದು ತೋಟ ಮಾಡಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಮಲೆನಾಡನ್ನೇ ನೆಲೆಯಾಗಿಸಿಕೊಂಡಿದ್ದರು. ಮೀನು ಹಿಡಿಯುವುದು, ಹಕ್ಕಿಗಳ ಛಾಯಾಚಿತ್ರ ತೆಗೆಯುವುದು, ಯಂತ್ರಗಳನ್ನು ಬಿಚ್ಚಿ ನೋಡುವುದು ಅವರ ನಿತ್ಯದ ಆಸಕ್ತಿಗಳಾಗಿದ್ದುವು.

ಅವರ ಓದಿನ ಗುರುತೂ ಸ್ಪಷ್ಟವಾಗಿದೆ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯಮಾರ್ಗವನ್ನು ಬಿಟ್ಟು ನಡೆಯುವುದಾಗಿ ಸಾರಿ, ಲೋಹಿಯಾ, ಕುವೆಂಪು, ಶಿವರಾಮ ಕಾರಂತ ಈ ಮೂವರ ಋಣವನ್ನು ಒಪ್ಪಿಕೊಂಡರು. ಮುಂದೆ ಕೆನ್ನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದರು. ಎಷ್ಟು ಬಗೆಯ ಓದು! ಆದರೂ ಇವುಗಳಲ್ಲಿ ಯಾವುದರ ಪಡಿಯಚ್ಚೂ ಅವರ ಬರವಣಿಗೆಯಲ್ಲ. ತಂದೆಯಂತೆ ಮಹಾಕಾವ್ಯ ಬರೆಯಹೊರಡಲಿಲ್ಲ. ತಂದೆಯ ಹಿರಿಮೆಯನ್ನು ಅಲ್ಲಗಳೆಯಲೂ ಇಲ್ಲ. ದೊಡ್ಡ ಮರದ ನೆರಳಿನಲ್ಲಿ ಬೆಳೆದ ಸಸಿಯು ತನ್ನ ಬಿಸಿಲನ್ನು ತಾನೇ ಅರಸಿಕೊಂಡ ಬಗೆಯಿದು.

1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯನ್ನು ನೋಡಿರಿ. ಹಾರುವ ಓತಿಯನ್ನು ಅರಸಿ ಹೊರಟ ವಿಜ್ಞಾನಿಗೆ ದಾರಿ ತೋರುವವನು ಜೇನು ಹಿಡಿಯುವ ಹಳ್ಳಿಗ ಮಂದಣ್ಣ. ವಿಕಾಸವಾದವನ್ನು ಓದದೆ ವಿಜ್ಞಾನಿಯ ತವಕವನ್ನು ಚಿತ್ರಿಸಲಾಗದು. ಕಾಡನ್ನು ತಿರುಗದೆ ಮಂದಣ್ಣನನ್ನು ಕಾಣಲಾಗದು. ಹಾಗೆಯೇ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಬೆಳೆಯ ಅವನತಿಯು ಕಥೆಯ ಬೇರಾಯಿತು. ತೋಟಗಾರನ ಚಿಂತೆಯೇ ಕಾದಂಬರಿಯಾದ ಆ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕರ್ವಾಲೊದಲ್ಲಿ ಕಥೆ ಹೇಳುವವನೂ ಕೃಷಿಕ. ಅವನ ನಾಯಿ ‘ಕಿವಿ’ಯೂ ಲೇಖಕರ ಮನೆಯದೇ. ಅಷ್ಟರಿಂದ ಕಥೆಯೆಲ್ಲವೂ ನಡೆದದ್ದೆಂದು ತಿಳಿಯಲಾಗದು. ಬಾಳು ಕೃತಿಗೆ ಮಣ್ಣು, ಓದು ನೀರು. ಬೀಜದ ಗುಣ ಬೇರೆಯೇ ಉಂಟು. ಅದೇ ವ್ಯಕ್ತಿತ್ವ. ಕಂಡದ್ದನ್ನು ಪ್ರಶ್ನಿಸುವ, ಓದಿದ್ದನ್ನು ಒರೆಗೆ ಹಚ್ಚುವ ಆ ಸ್ವಭಾವವಿಲ್ಲದಿದ್ದರೆ ಮಣ್ಣೂ ನೀರೂ ಸೇರಿ ಕೆಸರಾದೀತಲ್ಲದೆ ಪೈರಾಗದು.

ಮಹಾಶಯರೆ, ಪಟ್ಟಣ ಸೇರಿದ ಹೊರತು ವಿದ್ಯೆ ಸಾರ್ಥಕವಾಗದೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಓದಿದ ಮಕ್ಕಳು ತೋಟವನ್ನು ಮರೆಯುವರು. ತೋಟದಲ್ಲಿ ಉಳಿದವರು ಪುಸ್ತಕವನ್ನು ಮುಟ್ಟರು. ಹೀಗಾದರೆ ಈ ಮಲೆಯ ಮಾತನ್ನು ಮುಂದೆ ಆಡುವವರು ಯಾರು? ಬೇರೆಯವರು ಬಂದು ಹೊರಗಿನಿಂದ ಕಂಡಷ್ಟನ್ನೇ ಬರೆದಾರು. ಆದಕಾರಣ ತಾಯಿತಂದೆಗಳು ಮಕ್ಕಳ ಕೈಗೆ ಪುಸ್ತಕವನ್ನು ಕೊಡುವಾಗ ತೋಟದ ದಾರಿಯನ್ನೂ ತೋರಿಸಲಿ. ಬರೆಯಬಯಸುವ ತರುಣರು ತಮ್ಮ ಊರಿನ ಮರದ ಹೆಸರು, ಹಕ್ಕಿಯ ಕೂಗು, ದುಡಿಯುವವರ ಮಾತು ಇವುಗಳನ್ನು ಗ್ರಂಥದಷ್ಟೇ ಶ್ರದ್ಧೆಯಿಂದ ಓದಲಿ ಎಂದು ಪ್ರಾರ್ಥಿಸುವೆನು.