ಒಂದು ಮತದ ಬೆಲೆ



"ನನ್ನೊಬ್ಬನ ವೋಟಿನಿಂದ ಏನಾಗುತ್ತೆ ಸಾರ್?" ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಇದಕ್ಕೆ ಉತ್ತರ ಹುಡುಕಲು ದೆಹಲಿಗೆ ಹೋಗಬೇಕಾಗಿಲ್ಲ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಯಳಂದೂರು ದಾಟಿ ಸಂತೆಮರಹಳ್ಳಿಯಲ್ಲಿ ಇಳಿದರೆ ಸಾಕು. ನಾನು ಯಾವ ಪಕ್ಷದ ಪರವಾಗಿಯೂ ಮಾತನಾಡಲು ಬಂದಿಲ್ಲ. ನಮ್ಮ ಜಿಲ್ಲೆಯಲ್ಲಿ ನಡೆದ ಒಂದು ಸಂಗತಿಯನ್ನು ನೆನಪಿಸುತ್ತೇನೆ, ಅಷ್ಟೇ.

ಚಾಮರಾಜನಗರ ತಾಲ್ಲೂಕಿನ ಹೆಗ್ಗವಾಡಿಯಲ್ಲಿ 1961ರಲ್ಲಿ ಹುಟ್ಟಿದ ಆರ್. ಧ್ರುವನಾರಾಯಣ ಅವರು ಕೃಷಿ ವಿಜ್ಞಾನ ಓದಿದವರು. 1999ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿಯಿಂದ ನಿಂತು ಸೋತರು. 2004ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ನಿಂತರು. ಎದುರಾಳಿ, ಹಿರಿಯ ನಾಯಕ ಬಿ. ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ. ಎಣಿಕೆ ಮುಗಿದಾಗ ಕೃಷ್ಣಮೂರ್ತಿಯವರಿಗೆ 40,751 ಮತ, ಧ್ರುವನಾರಾಯಣ ಅವರಿಗೆ 40,752 ಮತ. ಅಂತರ ಒಂದೇ ಒಂದು! ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂದು ಪತ್ರಿಕೆಗಳು ಬರೆದವು.

ಆ ಒಂದು ಮತದಿಂದ ಎಷ್ಟು ದೂರ ದಾರಿ ತೆರೆಯಿತು ನೋಡಿ. ಧ್ರುವನಾರಾಯಣ ಅವರು 2008ರಲ್ಲಿ ಕೊಳ್ಳೇಗಾಲದ ಶಾಸಕರಾದರು. 2009ರಲ್ಲಿ ಮತ್ತು 2014ರಲ್ಲಿ ಲೋಕಸಭೆಗೆ ಗೆದ್ದು, ಕೊಳ್ಳೇಗಾಲ, ಹನೂರು, ಯಳಂದೂರು ಎಲ್ಲಕ್ಕೂ ಸಂಸದರಾದರು. ಆದರೆ ಮತದಾರ ಕೊಡಲೂ ಬಲ್ಲ, ಕಸಿಯಲೂ ಬಲ್ಲ. 2019ರಲ್ಲಿ ಅವರು ವಿ. ಶ್ರೀನಿವಾಸಪ್ರಸಾದ್ ಅವರ ಎದುರು 1,817 ಮತಗಳಿಂದ ಸೋತರು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 227 ಮತ. ಒಂದು ಕಾಲೇಜಿನ ಮಕ್ಕಳಷ್ಟೂ ಇಲ್ಲ! 2023ರ ಮಾರ್ಚ್ 11ರಂದು ಅವರು ನಿಧನರಾದರು.

ಇನ್ನು ಸೋತವರ ಕಥೆ. ಕೃಷ್ಣಮೂರ್ತಿಯವರು 2009ರಲ್ಲೂ 2014ರಲ್ಲೂ ಅದೇ ಎದುರಾಳಿಗೆ ಸೋತರು. 2018ರಲ್ಲಿ ಕೊಳ್ಳೇಗಾಲದಲ್ಲಿಯೂ ಸೋತರು. ಮನೆಯಲ್ಲಿ ಕುಳಿತುಬಿಡಲಿಲ್ಲ. 2023ರಲ್ಲಿ ಅದೇ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಒಂದು ಅಂಕದಿಂದ ಫೇಲಾಗಿ ಓದು ಬಿಡಲು ಹೊರಟ ಮಕ್ಕಳು ಈ ಹತ್ತೊಂಬತ್ತು ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕು.

ಪ್ರಿಯ ವಿದ್ಯಾರ್ಥಿಗಳೇ, ಮತ ಹಾಕಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಹದಿನೇಳು ತುಂಬಿದವರು ಈಗ ಮುಂಚಿತವಾಗಿಯೇ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ನಮ್ಮ ಮನೆಗಳಲ್ಲಿ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇರುವುದುಂಟು. ಮದುವೆಯಾಗಿ ಬಂದ ಸೊಸೆಯ ಹೆಸರು ತವರೂರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಇವೆರಡನ್ನೂ ನಮೂನೆ 8ರಲ್ಲಿ ಸರಿಪಡಿಸಿಕೊಳ್ಳಬಹುದು. ಓದಲು ಬರೆಯಲು ಬಲ್ಲ ನೀವೇ ಈ ಕೆಲಸಕ್ಕೆ ಕೈಹಾಕಬೇಕು. ಇಂದು ಮನೆಗೆ ಹೋದೊಡನೆ ಅಮ್ಮ, ಅಜ್ಜಿ, ಅತ್ತಿಗೆ ಎಲ್ಲರ ಹೆಸರನ್ನೂ ಪಟ್ಟಿಯಲ್ಲಿ ಹುಡುಕಿ ನೋಡಿ. ಯಾರಿಗೆ ಮತ ಹಾಕಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು.

ಮುಂದಿನ ಎಣಿಕೆಯ ದಿನ ಆ ಒಂದು ಮತ ನಿಮ್ಮ ಮನೆಯದೇ ಆಗಿರಬಹುದು. ಅದು ಪಟ್ಟಿಯಲ್ಲಿ ಇಲ್ಲದಂತಾಗಬಾರದು.